ಹೊಸ ಟ್ಯಾಂಕ್ ಸೈಕ್ಲಿಂಗ್ ಅರ್ಧಕ್ಕೆ ನಿಂತಿದೆ, ವಿಧಾನ ಬದಲಾಯಿಸಬೇಕಾ?

ಪ್ರಶ್ನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2 ಅಡಿಯ ಮೀನಿನ ಟ್ಯಾಂಕ್ ಇಟ್ಟಿದ್ದೇನೆ. 24×12×12 ಇಂಚು. ಮರಳು, ಕಲ್ಲು ಕಳೆದರೆ ಸುಮಾರು 50 ಲೀಟರ್ ನೀರು. ಸ್ಪಾಂಜ್ ಫಿಲ್ಟರ್ ಹಗಲೂ ರಾತ್ರಿ ಓಡುತ್ತಿದೆ. ಮೀನು ಇನ್ನೂ ಬಿಟ್ಟಿಲ್ಲ. ಮೀನಿಲ್ಲದೆ ಸೈಕಲ್ ಮಾಡೋಣ (ಅಂದರೆ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವನ್ನು ಮೊದಲೇ ಬೆಳೆಸೋಣ) ಅಂತ ಅಮೋನಿಯಂ ಕ್ಲೋರೈಡ್ ಹಾಕುತ್ತಿದ್ದೇನೆ.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಅಮೋನಿಯಾ ಇಳಿಯಿತು, ನೈಟ್ರೈಟ್ ಕಾಣಿಸಿಕೊಂಡಿತು. ಆಮೇಲೆ ಎಲ್ಲ ನಿಂತುಬಿಟ್ಟಿದೆ. ಅಮೋನಿಯಾ 4 ಪಿಪಿಎಂ (ಅಂದರೆ ಲೀಟರ್‌ಗೆ 4 ಮಿ.ಗ್ರಾಂ), ನೈಟ್ರೈಟ್ 2 ಪಿಪಿಎಂ. ಎಷ್ಟು ಸಲ ಟೆಸ್ಟ್ ಮಾಡಿದರೂ ಅದೇ ಬಣ್ಣ.

ಅಂಗಡಿಯವರು "ಎರಡು ಗಟ್ಟಿ ಮೀನು ಬಿಡಿ, ತಾನಾಗೇ ಸೆಟ್ ಆಗುತ್ತೆ" ಅಂದರು. ಗೆಳತಿ ಬಾಟಲಿ ಬ್ಯಾಕ್ಟೀರಿಯಾ ತಗೋ ಅನ್ನುತ್ತಾಳೆ. ಇನ್ನೊಬ್ಬರು ಗಿಡ ತುಂಬಿಸಿ ಅಂದರು. ಯಾವುದಕ್ಕೆ ಬದಲಾಯಿಸಲಿ? ನೀರೆಲ್ಲ ಚೆಲ್ಲಿ ಮೊದಲಿಂದ ಶುರು ಮಾಡಬೇಕಾ?

ಉತ್ತರ (ಮೈಸೂರು)

ಚೆಲ್ಲಬೇಡಿ ಮೇಡಂ. ನೈಟ್ರೈಟ್ ಬಂದಿದೆ ಅಂದರೆ ಅರ್ಧ ಕೆಲಸ ಆಗಿದೆ. ಅದನ್ನು ಕಳೆದುಕೊಳ್ಳಬಾರದು.

ಮೊದಲು ಇಷ್ಟು ಹೇಳಿ. ಟ್ಯಾಂಕಿಗೆ ಯಾವ ನೀರು ತುಂಬಿಸಿದ್ದೀರಿ? ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ? ಪಿಎಚ್, ಅಂದರೆ ನೀರಿನ ಹುಳಿಯ ಅಳತೆ, ಎಷ್ಟಿದೆ? ಕೆಎಚ್, ಅಂದರೆ ಆ ಹುಳಿಯನ್ನು ತಡೆಯುವ ಬೈಕಾರ್ಬೊನೇಟಿನ ಅಳತೆ, ನೋಡಿದ್ದೀರಾ? ಟ್ಯಾಂಕ್ ಜೊತೆ ಅಂಗಡಿಯವರು ಕೊಡುವ ನೀಲಿ ಔಷಧಿ ಹಾಕಿದ್ದೀರಾ? ಅದು ಮೆಥಿಲೀನ್ ಬ್ಲೂ. ಮೀನಿಗೆ ಫಂಗಸ್ ಬಂದಾಗ ಬೇರೆ ಪಾತ್ರೆಯಲ್ಲಿ ಕೊಡೋ ಔಷಧಿ ಅದು. ಸೈಕಲ್ ಆಗುವ ಟ್ಯಾಂಕಿಗೆ ಹಾಕಿದರೆ ನಮಗೆ ಬೇಕಾದ ಬ್ಯಾಕ್ಟೀರಿಯಾಕ್ಕೇ ಪೆಟ್ಟು.

ಪ್ರಶ್ನೆ ಕೇಳಿದವರು

ನೀಲಿ ಔಷಧಿ ಹಾಕಿಲ್ಲ, ಡಬ್ಬದಲ್ಲೇ ಇದೆ. ನೀರು ಪೂರ್ತಿ ಆರ್‌ಒದು. ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರು ತುಂಬಾ ಗಡಸು. ಟಿಡಿಎಸ್ 900ರ ಹತ್ತಿರ ತೋರಿಸುತ್ತದೆ, ನಲ್ಲಿಗಳ ಮೇಲೆಲ್ಲ ಬಿಳಿ ಕಲೆ. ಮೀನಿಗೆ ಒಳ್ಳೆಯ ನೀರೇ ಕೊಡೋಣ ಅಂತ ಆರ್‌ಒ ಹಾಕಿದೆ.

ಪಿಎಚ್ ಕಿಟ್‌ನಲ್ಲಿ ಹಳದಿ ಬರುತ್ತಿದೆ. ಚಾರ್ಟ್‌ನಲ್ಲಿ ಅದೇ ಕೊನೆಯ ಬಣ್ಣ, 6.0. ಕೆಎಚ್ ಕಿಟ್ ಇವತ್ತು ತಂದೆ. ಒಂದೊಂದೇ ಹನಿ ಹಾಕಿ, ನೀಲಿ ಹೋಗಿ ಹಳದಿ ಆಗುವವರೆಗೆ ಎಣಿಸಿ ಅಂತ ಬರೆದಿದ್ದಾರೆ. ನನಗೆ ನೀಲಿ ಕಾಣಿಸಲೇ ಇಲ್ಲ. ಮೊದಲ ಹನಿಗೇ ಹಳದಿ. ಕಿಟ್ ಕೆಟ್ಟಿದೆಯಾ?

ಉತ್ತರ (ಮೈಸೂರು)

ಕಿಟ್ ಸರಿಯಾಗಿಯೇ ಇದೆ. ನಿಮ್ಮ ತೊಂದರೆ ಏನು ಅಂತ ಆ ಹನಿಯೇ ಹೇಳಿಬಿಟ್ಟಿದೆ.

ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ನಾವು ಕೆಎಚ್ ಅಂತ ಡಿಗ್ರಿಯಲ್ಲಿ ಅಳೆಯುವುದು ಅದನ್ನೇ. 2 ಪಿಪಿಎಂ ಅಮೋನಿಯಾ ಕರಗಬೇಕಾದರೆ ಅರ್ಧ ಡಿಗ್ರಿಗಿಂತ ಜಾಸ್ತಿ ಕೆಎಚ್ ಖರ್ಚಾಗುತ್ತದೆ. ಆರ್‌ಒ ನೀರಿನಲ್ಲಿ ಅದು ಇರುವುದೇ ಚೂರು. ಶುರುವಿನಲ್ಲಿ ಇದ್ದದ್ದು ಮುಗಿಯಿತು, ಪಿಎಚ್ ಕುಸಿಯಿತು. ಪಿಎಚ್ 6.5ರ ಕೆಳಗೆ ಹೋದರೆ ಈ ಬ್ಯಾಕ್ಟೀರಿಯಾ ತುಂಬಾ ನಿಧಾನ ಆಗುತ್ತವೆ. 6ರ ಹತ್ತಿರ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಸತ್ತಿಲ್ಲ, ಸುಮ್ಮನೆ ಕೂತಿವೆ ಅಷ್ಟೇ.

ಇವತ್ತೇ ಮಾಡಬಹುದಾದದ್ದು ಇದು. ಅರ್ಧ ನೀರು ತೆಗೆದು ಬದಲಾಯಿಸಿ, ಅಮೋನಿಯಾ 2ಕ್ಕೆ ಇಳಿಯುತ್ತದೆ. ಆಮೇಲೆ 5 ಗ್ರಾಂ ಅಡುಗೆ ಸೋಡಾ, ಅಂದರೆ ಮಟ್ಟಸವಾದ ಒಂದು ಟೀ ಚಮಚ, ಒಂದು ಲೋಟ ನೀರಿನಲ್ಲಿ ಕದಡಿ ಹಾಕಿ. 50 ಲೀಟರ್‌ಗೆ ಅದು 3 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಕೆಎಚ್ ಕೊಡುತ್ತದೆ. ಅಡುಗೆ ಸೋಡಾನೇ ಆಗಬೇಕು. ಬೇಕಿಂಗ್ ಪೌಡರ್ ಬೇಡ, ವಾಷಿಂಗ್ ಸೋಡಾ ಖಂಡಿತ ಬೇಡ.

ಮುಂದಕ್ಕೆ ಒಂದು ಪಾಲು ಬೋರ್ ನೀರಿಗೆ ಎರಡು ಪಾಲು ಆರ್‌ಒ ಬೆರೆಸಿ, ಕೆಎಚ್ 4–5 ಬರುವ ಹಾಗೆ ಹೊಂದಿಸಿಕೊಳ್ಳಿ. ನಿಮ್ಮ ಗಡಸು ಬೋರ್ ನೀರು ಶತ್ರು ಅಲ್ಲ, ಅದರಲ್ಲೇ ಈ ಕೆಎಚ್ ಇರೋದು. ಟಿಡಿಎಸ್ ಪೆನ್ ಇದನ್ನು ಹೇಳುವುದಿಲ್ಲ. ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ.

ಈಗ ವಿಧಾನದ ಮಾತು. ಎಲ್ಲ ವಿಧಾನದಲ್ಲೂ ಬೆಳೆಸುವುದು ಅದೇ ಬ್ಯಾಕ್ಟೀರಿಯಾವನ್ನು. ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ, ಅದಕ್ಕೆ ಊಟ ಎಲ್ಲಿಂದ ಬರುತ್ತದೆ, ಈ ಎರಡು ಪ್ರಶ್ನೆ ಕೇಳಿದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ.

ನೀವು ಮಾಡುತ್ತಿರುವುದರಲ್ಲಿ ಊಟ ಅಳತೆಯಲ್ಲಿದೆ. ಅದೇ ಅದರ ದೊಡ್ಡ ಗುಣ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ ಸಿಗುವ ಅಮೋನಿಯಂ ಕ್ಲೋರೈಡ್ 15 ಗ್ರಾಂ ತಗೊಂಡು ಒಂದು ಲೀಟರ್ ನೀರಿನಲ್ಲಿ ಕರಗಿಸಿಡಿ. ಅದರಲ್ಲಿ 10 ಮಿ.ಲೀ. ಹಾಕಿದರೆ ನಿಮ್ಮ ಟ್ಯಾಂಕಿಗೆ 1 ಪಿಪಿಎಂ. ಕಲಾಯಿ ಹಾಕುವವರು ಬಳಸುವ ನವಸಾಗರ ಕೂಡ ಇದೇ ವಸ್ತು. ಆದರೆ ಅದರಲ್ಲಿ ಬೇರೇನು ಸೇರಿರುತ್ತದೋ ಹೇಳಲಾಗದು, ಬಳಸಬೇಡಿ. ಈ ವಿಧಾನದ ಕೊರತೆ ಅಂದರೆ ಬ್ಯಾಕ್ಟೀರಿಯಾ ತಾನಾಗೇ ಬಂದು ಸೇರಬೇಕು. ಇವು ದಿನಕ್ಕೊಮ್ಮೆ ಇಮ್ಮಡಿ ಆದರೂ ದೊಡ್ಡ ಮಾತು. ಹಾಗಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಮೀನಿನ ಆಹಾರ ಅಥವಾ ಹಸಿ ಸಿಗಡಿ ಕೊಳೆಯಲು ಬಿಡುವುದೂ ಉಂಟು. ಕೆಲಸ ಆಗುತ್ತದೆ. ಆದರೆ ಎಷ್ಟು ಅಮೋನಿಯಾ ಬರುತ್ತದೆ ಅಂತ ಹಿಡಿತವಿಲ್ಲ, ನೀರು ಮಬ್ಬಾಗುತ್ತದೆ, ವಾಸನೆ ಬೇರೆ. ಅಮೋನಿಯಂ ಕ್ಲೋರೈಡ್ ಕೈಯಲ್ಲಿರುವಾಗ ಅದು ಬೇಕಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಹಳೇ ಟ್ಯಾಂಕಿನ ಸ್ಪಾಂಜ್. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಪರಿಚಯದವರ ಟ್ಯಾಂಕ್ ಆರೋಗ್ಯವಾಗಿದ್ದರೆ, ಅವರ ಫಿಲ್ಟರ್‌ನಿಂದ ಒಂದು ತುಂಡು ಸ್ಪಾಂಜ್ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತನ್ನಿ. ಒಣಗಬಾರದು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆಯಲೇಬಾರದು. ಒಂದೇ ಎಚ್ಚರಿಕೆ: ಬಿಳಿ ಚುಕ್ಕೆ ರೋಗ, ಬಸವನಹುಳು ಇವೂ ಸ್ಪಾಂಜ್ ಜೊತೆ ಬರಬಹುದು. ಹಾಗಾಗಿ ಅಂಗಡಿಯ ಟ್ಯಾಂಕಿನಿಂದ ಬೇಡ, ಮೀನು ವರ್ಷಗಟ್ಟಲೆ ಚೆನ್ನಾಗಿರುವ ಮನೆಯಿಂದ ತನ್ನಿ.

ಬಾಟಲಿ ಬ್ಯಾಕ್ಟೀರಿಯಾ ವಿಷಯದಲ್ಲಿ ಜಗಳ ಜಾಸ್ತಿ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೊಬ್ಯಾಕ್ಟರ್ ಅಂತಲೇ ಬಹಳ ಕಾಲ ನಂಬಿದ್ದರು. ಅಕ್ವೇರಿಯಂ ಫಿಲ್ಟರ್‌ನಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಅಂತ 1998ರಲ್ಲಿ ಪ್ರಕಟವಾಯಿತು. 2015ರಲ್ಲಿ ಇನ್ನೂ ಒಂದು ಹೆಜ್ಜೆ: ಅಮೋನಿಯಾದಿಂದ ನೈಟ್ರೇಟ್‌ವರೆಗೆ ಎರಡೂ ಕೆಲಸ ಒಬ್ಬಂಟಿಯಾಗಿ ಮಾಡುವ ನೈಟ್ರೊಸ್ಪೈರಾ ಸಿಕ್ಕಿತು. ಬಾಟಲಿಯಲ್ಲಿ ಸರಿಯಾದ ಜೀವಿ ಇದ್ದು, ಅದು ಬದುಕಿದ್ದರೆ ವಾರಗಳೇ ಉಳಿಯುತ್ತವೆ. ಬದುಕಿರಬೇಕು, ಅದೇ ಕಷ್ಟ. ಬೇಸಿಗೆಯಲ್ಲಿ ಗೋಡೌನು, ಕೊರಿಯರ್ ವ್ಯಾನು ಸುತ್ತಿ ಬಂದ ಬಾಟಲಿಯನ್ನು ಎಷ್ಟು ನಂಬುವುದು? ತಗೊಂಡರೆ ತಾರೀಖು ನೋಡಿ. ಹಾಕಿದ ಮೇಲೂ ಟೆಸ್ಟ್ ಬಿಡಬೇಡಿ. ನಿಮ್ಮ ಈಗಿನ ಪಿಎಚ್‌ನಲ್ಲಂತೂ ಎಂಥಾ ಬಾಟಲಿ ಹಾಕಿದರೂ ದಂಡ.

ಉತ್ತರ (ಮಂಗಳೂರು)

ಮೈಸೂರಿನವರು ಹೇಳಿದ್ದು ಸರಿ. ನಮ್ಮ ಕಡೆ ಇದು ಮಾಮೂಲಿ ಕಥೆ. ಕೆಂಪು ಮುರಕಲ್ಲಿನ ನೆಲ, ಬಾವಿ ನೀರು ಮೆದು, ಸ್ವಲ್ಪ ಹುಳಿ. ಹೊಸ ಟ್ಯಾಂಕ್ ಹೀಗೇ ನಡುವೆ ನಿಲ್ಲುತ್ತದೆ. ಇಲ್ಲಿ ಸೋಡಾಕ್ಕಿಂತ ಚಿಪ್ಪು ಸುಲಭ. ಮರುವಾಯಿ (ಕಪ್ಪೆಚಿಪ್ಪು) ಪದಾರ್ಥ ಮಾಡಿದ ದಿನ ಚಿಪ್ಪನ್ನು ಎತ್ತಿಟ್ಟು, ಮಸಾಲೆ ಹೋಗುವ ಹಾಗೆ ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ ಕುಟ್ಟಿ. ಒಂದು ಹಿಡಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ, ನೀರು ಹರಿಯುವ ಕಡೆ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಹುಳಿ ಇಳಿದರೆ ತಾನೇ ನಿಧಾನ ಆಗುತ್ತದೆ. ಸೋಡಾ ತಕ್ಷಣಕ್ಕೆ, ಚಿಪ್ಪು ದೀರ್ಘಕಾಲಕ್ಕೆ.

ಗಿಡದ ಬಗ್ಗೆ ಒಂದು ಮಾತು. ನನ್ನ ಎಲ್ಲ ಟ್ಯಾಂಕೂ ಗಿಡದವು. ಬೇಗ ಬೆಳೆಯುವ ಗಿಡ ಅಮೋನಿಯಾವನ್ನೇ ನೇರವಾಗಿ ತಿನ್ನುತ್ತದೆ, ನೈಟ್ರೈಟ್ ಕಾಣಿಸುವುದೇ ಅಪರೂಪ. ಹಾರ್ನ್‌ವರ್ಟ್, ಹೈಡ್ರಿಲ್ಲಾ, ಅಂತರಗಂಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಮನಿ ಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟರೂ ಸಹಾಯ. ಆದರೆ ನಾಲ್ಕು ಕಡ್ಡಿ ನೆಟ್ಟು ಗಿಡದ ಟ್ಯಾಂಕ್ ಅನ್ನಬೇಡಿ. ತಳ ಕಾಣದಷ್ಟು ಇರಬೇಕು, ಹೊಸ ಚಿಗುರು ಬರುತ್ತಿರಬೇಕು. ಬೆಂಗಳೂರಿನ ಕೆರೆಗಳಿಂದ ಮಾತ್ರ ಕಿತ್ತು ತರಬೇಡಿ.

ಉತ್ತರ (ಹುಬ್ಬಳ್ಳಿ)

ನಾವೆಲ್ಲ ಮೀನು ಬಿಟ್ಟೇ ಸೈಕಲ್ ಮಾಡಿದವರು ರೀ. ಮೀನು ಸಾಯಲಿಲ್ಲ. ಎರಡೇ ಮೀನು, ದಿನ ಬಿಟ್ಟು ದಿನ ಚೂರೇ ಆಹಾರ, ಅಮೋನಿಯಾ 0.25 ದಾಟಿದ ಕೂಡಲೇ ನೀರು ಬದಲಾವಣೆ. ನೈಟ್ರೈಟ್ ಬಂದಾಗ 10 ಲೀಟರ್‌ಗೆ 1 ಗ್ರಾಂ ಕಲ್ಲುಪ್ಪು. ಉಪ್ಪಿನ ಕ್ಲೋರೈಡ್ ಇದ್ದರೆ ಕಿವಿರಿನಿಂದ ನೈಟ್ರೈಟ್ ಒಳಗೆ ಹೋಗುವುದು ಕಡಿಮೆ. ಇಷ್ಟು ಮಾಡಿದರೆ ತೊಂದರೆ ಏನು?

ಉತ್ತರ (ಮೈಸೂರು)

ಸರ್, ನೀವು ಹೇಳಿದಷ್ಟು ಶಿಸ್ತು ಇದ್ದರೆ ಮೀನು ಬದುಕುತ್ತದೆ, ಒಪ್ಪುತ್ತೇನೆ. ಮೀನು ಆಗಲೇ ಮನೆಗೆ ಬಂದುಬಿಟ್ಟವರಿಗೆ ಇದೇ ದಾರಿ. ಆದರೆ ಬದುಕಿತು ಅಂದರೆ ನೋವಾಗಲಿಲ್ಲ ಅಂತಲ್ಲ. ಕಿವಿರು ಸುಟ್ಟ ಮೀನು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆಯುವುದನ್ನು ನೋಡಿದವರಿಗೆ ಗೊತ್ತು. ಖಾಲಿ ಟ್ಯಾಂಕ್ ಇರುವಾಗ ಅದನ್ನು ಯಾಕೆ ಆರಿಸಿಕೊಳ್ಳಬೇಕು?

ಈ ಮೇಡಂ ಟ್ಯಾಂಕಿನಲ್ಲಿ ಇನ್ನೊಂದು ಅಪಾಯ ಇದೆ. ಪಿಎಚ್ 6ರಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ರೂಪದಲ್ಲಿರುತ್ತದೆ. ಅದು ಅಷ್ಟು ವಿಷವಲ್ಲ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ನೂರಕ್ಕೆ ಸುಮಾರು 5. ಈಗ ಮೀನು ಬಿಟ್ಟು ಆಮೇಲೆ ಸೋಡಾ ಹಾಕಿದರೆ ರಾತ್ರೋರಾತ್ರಿ ಎಲ್ಲ ಹೋಗಲೂಬಹುದು. ಆದ್ದರಿಂದ ಮೇಡಂ, ಸೋಡಾ ಹಾಕುವಾಗ ಟ್ಯಾಂಕಿನಲ್ಲಿ ಒಂದು ಮೀನೂ ಇರಬಾರದು.

ಪ್ರಶ್ನೆ ಕೇಳಿದವರು

ಹೇಳಿದ ಹಾಗೇ ಮಾಡಿದೆ. ಅರ್ಧ ನೀರು ಬದಲಾಯಿಸಿ ಸೋಡಾ ಹಾಕಿದೆ. ಈಗ ಕೆಎಚ್ ಕಿಟ್‌ನಲ್ಲಿ ಮೂರು ಹನಿವರೆಗೂ ನೀಲಿ, ನಾಲ್ಕನೆಯದಕ್ಕೆ ಹಳದಿ. ಪಿಎಚ್ 7.6. ಅಮೋನಿಯಾ ದಿನದಿಂದ ದಿನಕ್ಕೆ ಇಳಿದು ಈಗ ಸೊನ್ನೆ. ಅಮೋನಿಯಂ ಕ್ಲೋರೈಡ್ ನೀರು 20 ಮಿ.ಲೀ. ಹಾಕಿದರೆ ಮಾರನೇ ದಿನಕ್ಕೇ ಅಮೋನಿಯಾ ಖಾಲಿ. ತುಂಬಾ ಥ್ಯಾಂಕ್ಸ್.

ಆದರೆ ನೈಟ್ರೈಟ್ ಈಗ ಕಡು ನೇರಳೆ. ಚಾರ್ಟ್‌ನ ಕೊನೆಯ 5ಕ್ಕಿಂತಲೂ ಗಾಢ. ನೈಟ್ರೇಟ್ ಕೂಡ ಕೆಂಪೋ ಕೆಂಪು. ಇದೂ ನಿಂತಿದೆಯಾ?

ಉತ್ತರ (ಮೈಸೂರು)

ನಿಂತಿಲ್ಲ. ನೈಟ್ರೈಟ್ ತಿನ್ನುವವು ಯಾವಾಗಲೂ ತಡವಾಗಿ ಬೆಳೆಯುತ್ತವೆ. ಈ ಹಂತದಲ್ಲೇ ಜನ ತಾಳ್ಮೆ ಕಳೆದುಕೊಳ್ಳುವುದು. ಆದರೆ ನೈಟ್ರೈಟ್ ತೀರಾ ಏರಿದರೆ ಅವುಗಳಿಗೇ ಅಡ್ಡಿ. ಎಷ್ಟಿದೆ ಅಂತ ತಿಳಿಯಲು ಟೆಸ್ಟ್ ಟ್ಯೂಬಿನಲ್ಲಿ 1 ಮಿ.ಲೀ. ಟ್ಯಾಂಕ್ ನೀರಿಗೆ 4 ಮಿ.ಲೀ. ಆರ್‌ಒ ನೀರು ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು 5ರಿಂದ ಗುಣಿಸಿ. 5 ಪಿಪಿಎಂ ದಾಟಿದ್ದರೆ ಅರ್ಧ ನೀರು ಬದಲಾಯಿಸಿ. ಬೋರ್ ಬೆರೆಸಿದ ನೀರೇ ಹಾಕಿ, ಬರೀ ಆರ್‌ಒ ಬೇಡ. ಅಮೋನಿಯಂ ಕ್ಲೋರೈಡ್ ದಿನ ಬಿಟ್ಟು ದಿನ 10 ಮಿ.ಲೀ. ಸಾಕು. ಪೂರ್ತಿ ನಿಲ್ಲಿಸಿದರೆ ಅಮೋನಿಯಾ ತಿನ್ನುವ ಮೊದಲ ಗುಂಪು ಉಪವಾಸ ಬೀಳುತ್ತದೆ.

ನೈಟ್ರೇಟ್ ಸಂಖ್ಯೆಯನ್ನು ಈಗ ನಂಬಬೇಡಿ. ನೈಟ್ರೈಟ್ ಇದ್ದರೆ ಆ ಟೆಸ್ಟ್ ಅದನ್ನೂ ಸೇರಿಸಿ ತೋರಿಸುತ್ತದೆ. ಆಮೇಲೆ ಮಾಡುವಾಗಲೂ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಿ. ಕುಲುಕದಿದ್ದರೆ ಕಡಿಮೆ ತೋರಿಸುತ್ತದೆ.

ಪ್ರಶ್ನೆ ಕೇಳಿದವರು

ಮೀನು ಬಿಡಬಹುದು ಅಂತ ಯಾವಾಗ ಗೊತ್ತಾಗುತ್ತದೆ? ಕರೆಂಟ್ ಹೋದರೆ ಈ ಬ್ಯಾಕ್ಟೀರಿಯಾ ಗತಿ ಏನು?

ಉತ್ತರ (ಮಂಗಳೂರು)

ಅಮೋನಿಯಾ 2 ಪಿಪಿಎಂ ಆಗುವಷ್ಟು ಹಾಕಿ 24 ಗಂಟೆ ಬಿಟ್ಟು ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗಿರಬೇಕು. ಒಂದು ದಿನ ಅಲ್ಲ, ಸಾಲಾಗಿ ಎರಡು ಮೂರು ದಿನ ಹಾಗೇ ಬರಲಿ. ಆಮೇಲೆ ಮುಕ್ಕಾಲು ಪಾಲು ನೀರು ಬದಲಾಯಿಸಿ ನೈಟ್ರೇಟ್ 20ರ ಹತ್ತಿರ ತನ್ನಿ, ಮೀನು ತನ್ನಿ. ಮೀನು ತರುವುದು ತಡವಾದರೆ ಅಮೋನಿಯಂ ಕ್ಲೋರೈಡ್ ಹಾಕುತ್ತಲೇ ಇರಿ.

ಸ್ವಲ್ಪ ಹೊತ್ತು ಕರೆಂಟ್ ಹೋದರೆ ಸ್ಪಾಂಜ್‌ಗೆ ಏನೂ ಆಗುವುದಿಲ್ಲ, ಅದು ನೀರಿನಲ್ಲೇ ಇರುತ್ತದಲ್ವಾ. ಗಂಟೆಗಟ್ಟಲೆ ಹೋಗುವ ಕಡೆ ಬ್ಯಾಟರಿಯಲ್ಲಿ ಓಡುವ ಚಿಕ್ಕ ಏರ್ ಪಂಪ್ ಇಟ್ಟುಕೊಳ್ಳಿ. ಸ್ಪಾಂಜ್ ಕಟ್ಟಿಕೊಂಡಾಗ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್‌ನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ಕೆಎಚ್ ಅನ್ನು ಮೀನು ಬಿಟ್ಟ ಮೇಲೂ ವಾರಕ್ಕೊಮ್ಮೆ ನೋಡುತ್ತಿರಿ. 3ಕ್ಕಿಂತ ಕೆಳಗೆ ಹೋದರೆ ಬೋರ್ ನೀರಿನ ಪಾಲು ಸ್ವಲ್ಪ ಜಾಸ್ತಿ ಮಾಡಿ. ಮೀನಿರುವ ಟ್ಯಾಂಕಿಗೆ ಒಂದೇ ಸಲಕ್ಕೆ ಚಮಚ ಸೋಡಾ ಹಾಕಬೇಡಿ.