ಗಾಲ್ಫ್ ಪಟಿಂಗ್ ಪ್ರಶ್ನೋತ್ತರ: ಮೂರು ಅಡಿಯಲ್ಲಿ ಬೆಚ್ಚುವ ಬಲಗೈ

ತರಬೇತುದಾರ: ಈ ವಾರ ಪಟಿಂಗ್, ಅಂದರೆ ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತದ ಕುರಿತ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ. ಉತ್ತರಗಳೆಲ್ಲ ಬಲಗೈ ಆಟಗಾರರಿಗೆ ಹೊಂದುವಂತೆ ಇರುತ್ತವೆ.

ಮೈಸೂರಿನ ಸದಸ್ಯ: ಸರ್, ಚೆಂಡು ಎಲ್ಲಿರಬೇಕು? ಕಣ್ಣು ಅದರ ನೇರ ಮೇಲೆಯೇ ಇರಬೇಕೆ?

ತರಬೇತುದಾರ: ಚೆಂಡು ಎರಡು ಪಾದಗಳ ನಡುಮಧ್ಯಕ್ಕಿಂತ ತುಸು ಎಡಕ್ಕಿರಲಿ. ಕಣ್ಣು ಚೆಂಡಿನ ಮೇಲೆ ಅಥವಾ ಸ್ವಲ್ಪ ನಿಮ್ಮ ಕಡೆಗೆ ಇರಬಹುದು, ಆಚೆಗೆ ಹೋಗಬಾರದು.

ಬೆಂಗಳೂರಿನ ಸದಸ್ಯೆ: ಹತ್ತು ಅಡಿಯ ನೇರ ಪಟ್‌ಗಳೂ ನನಗೆ ಬಲಕ್ಕೇ ತಪ್ಪುತ್ತವೆ.

ತರಬೇತುದಾರ: ಮೇಡಂ, ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಪಟರ್‌ನ (ಪಟಿಂಗ್ ಕೋಲಿನ) ಚೆಂಡಿಗೆ ತಾಗುವ ಮುಖವೇ ಹೊರತು ಅದು ಸಾಗುವ ಹಾದಿಯಲ್ಲ. ಮುಖ ಒಂದು ಡಿಗ್ರಿ ಬಲಕ್ಕೆ ತೆರೆದುಕೊಂಡರೂ ಹತ್ತು ಅಡಿಯಲ್ಲಿ ಚೆಂಡು ಸುಮಾರು 2 ಅಂಗುಲ ಸರಿಯುತ್ತದೆ. ಕುಳಿಯ ವ್ಯಾಸವೇ 4.25 ಅಂಗುಲ. ಚೆಂಡಿನಿಂದ ಒಂದು ಅಡಿ ಮುಂದೆ, ಅದು ತೂರುವಷ್ಟೇ ಜಾಗ ಬಿಟ್ಟು ಎರಡು ಟೀ (ಚೆಂಡು ಇಡುವ ಗೂಟ) ನೆಟ್ಟು ಅಭ್ಯಾಸ ಮಾಡಿ.

ದುಬೈಯ ಸದಸ್ಯ: ಪಟರ್ ನೇರ ಹಿಂದೆ ಹೋಗಿ ನೇರ ಮುಂದೆ ಬಂದರೆ ಈ ತೊಂದರೆಯೇ ಬರುವುದಿಲ್ಲ.

ಚಿಕ್ಕಮಗಳೂರಿನ ಸದಸ್ಯ: ಅದು ತಪ್ಪು ತಿಳಿವಳಿಕೆ. ಪಟರ್‌ನ ದಂಡ ಓರೆಯಾಗಿರುವುದರಿಂದ ಸಹಜ ಸ್ಟ್ರೋಕ್ ಸಣ್ಣ ಕಮಾನಿನಂತೆ ಒಳಕ್ಕೆ ಬಾಗುತ್ತದೆ.

ದುಬೈಯ ಸದಸ್ಯ: ಮೂವತ್ತು ವರ್ಷ ಆಡಿದವನಿಗೆ ನೀವು ಪಾಠ ಹೇಳಬೇಕಾಗಿಲ್ಲ.

ಬೆಂಗಳೂರಿನ ಇನ್ನೊಬ್ಬ ಸದಸ್ಯ: ಸರ್, ಬರ್ಮುಡಾ ಹುಲ್ಲಿನ ಗ್ರೀನ್‌ನಲ್ಲಿ ಹುಲ್ಲು ಒರಗಿದ ದಿಕ್ಕನ್ನು ಗುರುತಿಸುವುದು ಹೇಗೆ?

ಹುಬ್ಬಳ್ಳಿಯ ಸದಸ್ಯ: ನನಗೆ 58 ವರ್ಷ. ಮೂರು ಅಡಿಯ ಪಟ್‌ನಲ್ಲಿ, ಪಟರ್ ಚೆಂಡಿಗೆ ತಾಗುವ ಕ್ಷಣಕ್ಕೆ ಬಲಗೈ ತಾನಾಗಿ ಬೆಚ್ಚುತ್ತದೆ. ಚೆಂಡಿಲ್ಲದೆ ಬೀಸಿದರೆ ಏನೂ ಆಗುವುದಿಲ್ಲ. ಆಟವನ್ನೇ ಬಿಡಬೇಕೆನಿಸಿದೆ.

ತರಬೇತುದಾರ: ದಯವಿಟ್ಟು ಬಿಡಬೇಡಿ. ಇದನ್ನು ಯಿಪ್ಸ್ ಎನ್ನುತ್ತಾರೆ. 1985 ಮತ್ತು 1993ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದ ಜರ್ಮನ್ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಅವರನ್ನೂ ಇದು ಹಲವು ಬಾರಿ ಕಾಡಿತ್ತು. ಒಂದು ಹಂತದಲ್ಲಿ ಅವರು ಪಟರ್‌ನ ಹಿಡಿಯನ್ನು ಎಡ ಮುಂಗೈಗೆ ಒತ್ತಿ, ಎರಡನ್ನೂ ಬಲಗೈಯಿಂದ ಅಪ್ಪಿ ಹಿಡಿದು ಆಡಿದರು. ಕೆಲವರಲ್ಲಿ ಇದು ಒತ್ತಡದಿಂದ ಬರುತ್ತದೆ. ಇನ್ನು ಕೆಲವರಲ್ಲಿ ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡಿದ ಮೇಲೆ ಸ್ನಾಯುಗಳು ಹಿಡಿತ ತಪ್ಪುವ ಫೋಕಲ್ ಡಿಸ್ಟೋನಿಯಾದಿಂದ ಬರುತ್ತದೆ. ಹಾಗಾಗಿ ಮೊದಲು ಇದನ್ನು ತಿಳಿಸಿ: ಬರೆಯುವಾಗ, ಲೋಟ ಎತ್ತುವಾಗ, ಅಂಗಿಯ ಗುಂಡಿ ಹಾಕುವಾಗ ಕೈ ಹೀಗಾಗುತ್ತದೆಯೇ? ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ದಂಡವನ್ನು ಹಗುರವಾಗಿ ಇರಿಸುವ ಕ್ಲಾ ಹಿಡಿತವನ್ನು, ಕುಳಿಯೇ ಇಲ್ಲದ ಕಡೆ, ಒಂದು ವಾರ ಪ್ರಯತ್ನಿಸಿ.

ದುಬೈಯ ಸದಸ್ಯ: ನನಗೆ ಬಂದ ಸಂದೇಶ: ‘ಆಟಕ್ಕೆ ಅರ್ಧ ಗಂಟೆ ಮೊದಲು ಪ್ರೊಪ್ರಾನೊಲಾಲ್ ಒಂದು ಮಾತ್ರೆ, ನಡುಕ ಮಾಯ.’ ಅವರಿಗೆ ಉಪಯೋಗವಾಗಬಹುದು.

ತರಬೇತುದಾರ: ಇದನ್ನು ಯಾರೂ ನುಂಗಬೇಡಿ, ಮುಂದಕ್ಕೂ ಕಳುಹಿಸಬೇಡಿ. ಅದು ಬೀಟಾ ಬ್ಲಾಕರ್, ಹೃದಯ ಬಡಿತ ತಗ್ಗಿಸುವ ಮದ್ದು. ಆಸ್ತಮಾ ಇರುವವರ ಉಸಿರನ್ನೇ ಕಟ್ಟಿಸಬಲ್ಲದು, ಸ್ಪರ್ಧಾತ್ಮಕ ಗಾಲ್ಫ್‌ನಲ್ಲಿ ನಿಷೇಧಿತ ಮದ್ದು ಕೂಡ. ಇಂತಹ ಸಂದೇಶಗಳನ್ನು ಓದಿ ಓದಿ ನನಗೆ ಸಾಕಾಗಿದೆ.

ಚಿಕ್ಕಮಗಳೂರಿನ ಸದಸ್ಯ: ಮೂವತ್ತು ವರ್ಷದ ಅನುಭವ ಇದೇ ಏನು?

ದುಬೈಯ ಸದಸ್ಯ: ನಾಲಿಗೆ ಬಿಗಿ ಹಿಡಿಯಿರಿ.

ಮಂಗಳೂರಿನ ಸದಸ್ಯ: ಉದ್ದನೆಯ ಪಟರ್ ಎದೆಗೆ ಒತ್ತಿ ಆಡಿದರೆ ನಡುಕ ನಿಲ್ಲುವುದಿಲ್ಲವೇ?

ತರಬೇತುದಾರ: ಪಟರನ್ನು ಹಾಗೆ ದೇಹಕ್ಕೆ ಒತ್ತಿ ಆಡುವುದು 2016ರಿಂದ ನಿಷಿದ್ಧ.

ಮೈಸೂರಿನ ಇನ್ನೊಬ್ಬ ಸದಸ್ಯ: ಕಣ್ಣು ಚೆಂಡಿನ ಮೇಲೆ ಇರಬೇಕೆ ಸರ್?

ತರಬೇತುದಾರ: ಮೇಲೆ ಉತ್ತರವಿದೆ.

ಹುಬ್ಬಳ್ಳಿಯ ಸದಸ್ಯ: ಸರ್, ಚೆಕ್‌ಗೆ ಸಹಿ ಹಾಕುವಾಗಲೂ ಈಚೆಗೆ ಹೀಗಾಗುತ್ತಿದೆ.

ತರಬೇತುದಾರ: ಹಾಗಿದ್ದರೆ ನನ್ನ ಹಿಡಿತದ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಇದೇ ವಾರ ನರರೋಗ ತಜ್ಞರನ್ನು ಕಾಣಿರಿ. ಚೆಂಡಿದ್ದಾಗ ಮತ್ತು ಇಲ್ಲದಿದ್ದಾಗ ಕೈ ಹೇಗಿರುತ್ತದೆಂದು ವೀಡಿಯೊ ಮಾಡಿಕೊಂಡು ಹೋಗಿ ತೋರಿಸಿ. ಅವರು ಹೇಳಿದ್ದನ್ನು ನನಗೆ ತಿಳಿಸಿ, ಪಟರ್ ವಿಚಾರ ಆಮೇಲೆ ನೋಡೋಣ.