ಸಮಸ್ಯೆ: ಬಾಲ ಬೀಳಲು ಹಕ್ಕಿ ಹೆಸರೆ ಬದಲಾಯ್ತು

ಕೆರೆಯಂಚು: ಈ ವಾರದ ಸಮಸ್ಯೆ ಮೇಲಿದೆ, ಅದು ನಾಲ್ಕನೇ ಸಾಲು, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ಐದು ಮಾತ್ರೆಯ ಗಣ. ಆದಿಪ್ರಾಸ ಬೇಕೇ ಬೇಕು, ಅಂದರೆ ಎಲ್ಲ ಸಾಲಲ್ಲೂ ಎರಡನೇ ಅಕ್ಷರ ‘ಲ’. ಸುಳಿವು: ನಮ್ಮ ದೇವನಕ್ಕಿ, ಇಂಗ್ಲಿಷಿನ ಜಕಾನಾ.

ಪ್ರಾಸಪ್ರಿಯೆ: ಸುಲಭ ಇದೆಯಲ್ಲ! ಮಳೆಗಾಲದಲ್ಲಿ ನಮ್ಮೂರ ಕೆರೆಯಲ್ಲಿ ನೋಡಿದ್ದೆ, ಕತ್ತಿನ ಹಿಂದೆ ಹೊನ್ನಿನ ಬಣ್ಣ, ಕುಡುಗೋಲಿನ ಹಾಗೆ ಬಾಗಿದ ಕಪ್ಪು ಬಾಲ, ಎಲೆಯಿಂದ ಎಲೆಗೆ ಕಾಲಿಟ್ಟರೂ ಎಲೆ ಮುಳುಗುವುದಿಲ್ಲ. ಜನವರಿಯಲ್ಲಿ ಹೋದರೆ ಬಾಲವೇ ಇಲ್ಲ!

ಕಾಲುದ್ದ ಬೆರಳುದ್ದ ತಾವರೆಯೆಲೆಯ ನಡಿಗೆ
ಮೇಲೆ ಹೊಂಗೊರಳು, ಮಳೆ ಬರಲು ಸಿಂಗಾರ
ಸಾಲುಮರಿ ಬೆಳೆಯೆ ಗರಿಯುದುರಿ ಬೋಳಾದಾಗ
ಬಾಲ ಬೀಳಲು ಹಕ್ಕಿ ಹೆಸರೆ ಬದಲಾಯ್ತು

ಕೆರೆಯಂಚು: ಪದ್ಯ ಚೆಂದ. ಆದರೆ ಹೆಸರು ಎಲ್ಲಿ ಬದಲಾಯ್ತು? ಬಾಲ ಉದುರಿದ ಮೇಲೂ ಅದು ‘ಬಾಲದ ದೇವನಕ್ಕಿ’ಯೇ. (ಮೊಟ್ಟೆಗೆ ಕಾವು ಕೊಡೋ ಪಾಪದ ಗಂಡನ್ನ ಪದ್ಯದಲ್ಲಿ ಸೇರಿಸಲೇ ಇಲ್ಲ ನೀವು.) ನಾನು ಕೇಳಿದ್ದು ಬೇರೆ ಬಾಲ.

ಅರೆಗವಿ: ಸಿಕ್ಕಿತು! ಬಾಲ ಹಕ್ಕಿಯದ್ದಲ್ಲ, ಅಕ್ಷರದ್ದು. ಬ್ರೆಜಿಲಿನ ತುಪಿ ಭಾಷೆಯಲ್ಲಿ ನಮ್ಮ ದೇವನಕ್ಕಿಯ ಅಲ್ಲಿನ ನೆಂಟನ ಹೆಸರು ಹೆಚ್ಚುಕಡಿಮೆ ‘ನ್ಯಹನಾ’. ಪೋರ್ಚುಗೀಸಿಗೆ ಬಂದು ‘ಜಸನಾ’ ಆಯ್ತು, ಕೊನೆಯ ‘ನಾ’ ಸ್ವಲ್ಪ ಮೂಗಿನಲ್ಲಿ. ಅದನ್ನ ಬರೆಯುವಾಗ ‘ಸಿ’ (c) ಅಕ್ಷರದ ಕೆಳಗೆ ಒಂದು ಪುಟ್ಟ ಕೊಂಕಿ (ç) ಹಾಕುತ್ತಾರೆ. ಕೊಂಕಿ ಇದ್ದರೆ ‘ಸ’, ಇಲ್ಲದಿದ್ದರೆ ಇಲ್ಲಿ ‘ಕ’. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಲ್ಯಾಟಿನ್ ಹೆಸರು ಕೊಟ್ಟಾಗ ಅದರಲ್ಲಿ ಕೊಂಕಿ ಇಲ್ಲ, ಅದನ್ನೇ ನೋಡಿ ಓದಿದವರೆಲ್ಲ ಸುಮ್ನೆ ‘ಜಕಾನಾ’ ಅಂದರು. ತಗೊಳ್ಳಿ:

ಮೂಲದಲಿ ‘ಸಿ’ಯ ಕೆಳಗೆ ಬಾಲವೊಂದಿತ್ತಂತೆ
ನಾಲಗೆಯು ‘ಜಸನಾ’ನೆ ಅನ್ನುತಿತ್ತಂದು
ತೇಲಿ ಲ್ಯಾಟಿನಿಗಿಳಿಯೆ ಗೀಟು ನೀರಿಗೆ ಬಿತ್ತು
ಬಾಲ ಬೀಳಲು ಹಕ್ಕಿ ಹೆಸರೆ ಬದಲಾಯ್ತು

ಕೆರೆಯಂಚು: ಅದೇ ಅದೇ! ಬ್ರೆಜಿಲಿನ ಸಾವ್ ಪಾವ್ಲೊ ನಗರದಲ್ಲಿ ಈ ಹಕ್ಕಿಯ ಹೆಸರಿನದೇ ಒಂದು ಬಡಾವಣೆ ಇದೆ, ಅಲ್ಲಿಯ ಬೋರ್ಡಿನಲ್ಲಿ ಇವತ್ತಿಗೂ ಬಾಲ ಭದ್ರ. ‘ಗೀಟು ನೀರಿಗೆ ಬಿತ್ತು’ ಅನ್ನೋದಕ್ಕೆ ನನ್ನದೊಂದು ಭೇಷ್.

ಪ್ರಾಸಪ್ರಿಯೆ: ಸೋತೆ. ಆದ್ರೂ ಒಂದು ತಕರಾರು. ‘ತೇಲಿ ಲ್ಯಾ’ದಲ್ಲಿ ಒತ್ತಕ್ಷರದ ಹಿಂದಿನ ‘ಲಿ’ ಗುರು ಆಗಬೇಕಲ್ವಾ? ಗಣಕ್ಕೆ ಒಂದು ಮಾತ್ರೆ ಜಾಸ್ತಿ ಆಯ್ತು.

ಅರೆಗವಿ: ತೇಲಿಸಿ ಓದಿ ಅಕ್ಕಾ. ದೇವನಕ್ಕಿ ಎಲೆ ಮೇಲೆ ಕಾಲಿಡೋ ಹಾಗೆ, ಒತ್ತದೆ.