ಇಳಿಜಾರಿನಲ್ಲಿ ನೋಯುವ ಮಂಡಿ: ಕುಟುಂಬ ಹಾಕಿಗೆ ಮೊದಲು ವ್ಯಾಯಾಮ ಹೇಗಿರಬೇಕು?

ಪ್ರಶ್ನೆ – ನಾಪೋಕ್ಲು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನನಗೆ 56 ವರ್ಷ. ಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ಕಾಫಿ ತೋಟ ನೋಡಿಕೊಂಡಿದ್ದೇನೆ. ರಕ್ತದೊತ್ತಡಕ್ಕೆ ಮಾತ್ರೆ ಇದೆ. ತೋಟದ ಏರು ಹತ್ತುವಾಗ ಏನೂ ಅನ್ನಿಸದ ಬಲ ಮಂಡಿ, ಹೊಳೆಯ ಕಡೆಗೆ ಇಳಿಯುವಾಗ ಮಾತ್ರ ಚಿಪ್ಪಿನ ಸುತ್ತ ನೋಯುತ್ತದೆ. ಬರುವ ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ಕುಟುಂಬ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಆಡಲೇಬೇಕೆಂದು ಅಣ್ಣನ ಮಕ್ಕಳು ಹಟ ಹಿಡಿದಿದ್ದಾರೆ. ನಾನು ಸ್ಟಿಕ್ ಮುಟ್ಟಿ ಹತ್ತು ವರ್ಷವಾಯಿತು. ಆ ಆಸೆಯಿಂದಲೇ ಕಳೆದ ತಿಂಗಳು ಒಂದು ಜಿಮ್‌ಗೆ ಸೇರಿದೆ. ಮೊದಲ ದಿನವೇ ಹೆಗಲ ಮೇಲೆ ಭಾರ ಹೊರಿಸಿ ಬಸ್ಕಿ ಹೊಡೆಸಿದರು. ಮಂಡಿ ಒಂದು ವಾರ ಊದಿಕೊಂಡಿತ್ತು. ವೈದ್ಯರು ಎಕ್ಸ್‌ರೇ ನೋಡಿ ಸವೆತದ ಆರಂಭ ಎಂದರು. ಇನ್ನು ಮಂಡಿಗೆ ಕೆಲಸ ಕೊಟ್ಟರೆ ಇನ್ನಷ್ಟು ಸವೆಯುತ್ತದೆ ಎಂದು ಮನೆಯವರ ಆತಂಕ. ಈಗ ನವೆಂಬರ್. ನಾನು ಸುಮ್ಮನೆ ಕೂರಬೇಕೇ, ಅಥವಾ ವ್ಯಾಯಾಮ ಮಾಡಬಹುದೇ?

ಉತ್ತರ 1 – ಫಿಸಿಯೋಥೆರಪಿಸ್ಟ್, ವಿರಾಜಪೇಟೆ

ಮಾನ್ಯರೇ, ಕೂರಬೇಡಿ. ಮಂಡಿ ಜೀಪಿನ ಟಯರಿನಂತೆ ಓಡಿದಷ್ಟೂ ಸವೆಯುವ ವಸ್ತುವಲ್ಲ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಯನ್ನು ಹೊದ್ದ ನುಣುಪು ಪದರಕ್ಕೆ, ರಕ್ತನಾಳಗಳಿಲ್ಲದ ಕಾರಣ, ಭಾರ ಬಿದ್ದು ಬಿಡುವಾಗ ಒಳಗಿನ ದ್ರವ ಹೋಗಿ ಬಂದೇ ಅದಕ್ಕೆ ಪೋಷಣೆ ಸಿಗಬೇಕು. ವಿಶ್ರಾಂತಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ಕುಳಿತರೆ ತೊಡೆಯ ಸ್ನಾಯು ಇಳಿದುಹೋಗುತ್ತದೆ, ಅದು ಹೊರುತ್ತಿದ್ದ ಹೊರೆ ಕೀಲಿನ ಮೇಲೆ ಬೀಳುತ್ತದೆ. ನಿಮಗಾದ ತೊಂದರೆ ವ್ಯಾಯಾಮದಿಂದ ಆದದ್ದಲ್ಲ, ಅಳತೆ ತಪ್ಪಿದ್ದರಿಂದ ಆದದ್ದು.

ಇಳಿಯುವಾಗಲೇ ಏಕೆ ನೋವು ಎಂಬುದನ್ನು ತಿಳಿದರೆ ದಾರಿಯೂ ತಿಳಿಯುತ್ತದೆ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿದು ಮೈಭಾರಕ್ಕೆ ಬ್ರೇಕ್ ಹಾಕಬೇಕು, ಮತ್ತು ಆ ಬಿಗಿತ ಮಂಡಿಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ. ಆದ್ದರಿಂದ ನಿಮ್ಮ ಅಭ್ಯಾಸವೆಲ್ಲ ಈ ಬ್ರೇಕನ್ನು ಬಲಪಡಿಸುವಂತಿರಲಿ.

ಮಂಡಿಗಿಂತ ತುಸು ಎತ್ತರದ, ಅಲುಗಾಡದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈ ಊರದೆ ಎದ್ದು ನಿಂತು, ಒಂದು, ಎರಡು, ಮೂರು ಎಂದು ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳಿ. ಕೊನೆಯಲ್ಲಿ ದೊಪ್ಪನೆ ಬೀಳುವ ಆ ನಾಲ್ಕು ಬೆರಳಿನ ಅಂತರವನ್ನು ಹತೋಟಿಯಲ್ಲಿ ಇಳಿಯುವುದೇ ಇಲ್ಲಿನ ಸಾಧನೆ. 8 ಬಾರಿ, ನಡುವೆ ಬಿಡುವು ಕೊಟ್ಟು 3 ಸುತ್ತು, ದಿನ ಬಿಟ್ಟು ದಿನ. ಇದು ಸಲೀಸಾದ ಮೇಲೆ ಸುಮಾರು 10 ಸೆಂಟಿಮೀಟರ್ ಎತ್ತರದ ಹಲಗೆಯ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿ ನೆಲ ತಾಕುವಷ್ಟು ಮೆಲ್ಲಗೆ ಇಳಿದು ಮತ್ತೆ ಏರಿ. ನಿಮಗೆ ರಕ್ತದೊತ್ತಡ ಇರುವುದರಿಂದ ಏಳುವಾಗ ಉಸಿರು ಬಿಡಿ. ಬಿಗಿಹಿಡಿದರೆ ಒತ್ತಡ ತಟ್ಟನೆ ಏರುತ್ತದೆ.

ನೋವಿನ ವಿಷಯದಲ್ಲಿ ನನ್ನ ರೋಗಿಗಳಿಗೆಲ್ಲ ಹೇಳುವ ಮಾತು ಇದು: ಹತ್ತರಲ್ಲಿ ನಾಲ್ಕರಷ್ಟು ನೋವಿಗೆ ಹೆದರಬೇಡಿ, ಆದರೆ ಮರುದಿನ ಬೆಳಿಗ್ಗೆ ಮಂಡಿ ಎಂದಿನ ಸ್ಥಿತಿಗೆ ಬಂದಿರಬೇಕು. ಊದಿದ್ದರೆ ಲೆಕ್ಕವನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ತೊಡೆಯ ಸ್ನಾಯು ಒಂದೆರಡು ದಿನ ಹಿಡಿದುಕೊಂಡಂತಿದ್ದರೆ ಅದು ಹೊಸ ಕೆಲಸದ ಸಹಜ ನೋವು. ಮಂಡಿ ಸಿಕ್ಕಿಕೊಂಡು ಮಡಚಲಾಗದಿದ್ದರೆ, ಜ್ವರದೊಂದಿಗೆ ಕೆಂಪಾಗಿ ಬಿಸಿಯಾದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಎದೆ ಬಿಗಿದರೆ ಆ ಕ್ಷಣವೇ ಎಲ್ಲವನ್ನೂ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಉತ್ತರ 2 – ಸೋಮವಾರಪೇಟೆಯ ಗೃಹಿಣಿ

ಅಣ್ಣ, ನನಗೂ ಇದೇ ನೋವಿತ್ತು. ಇಳಿಜಾರಿಗೆ ಒಂದು ಬೆತ್ತ ಹಿಡಿದುಕೊಳ್ಳಿ. ನಾನು ಬಹಳ ದಿನ ನೋಯುವ ಮಂಡಿಯ ಕಡೆಯ ಕೈಯಲ್ಲೇ ಹಿಡಿಯುತ್ತಿದ್ದೆ. ಅದನ್ನು ಎದುರು ಕೈಗೆ ಬದಲಿಸಬೇಕೆಂದು ಫಿಸಿಯೋ ತಿದ್ದಿದರು. ನಿಮ್ಮದು ಬಲ ಮಂಡಿಯಾದ್ದರಿಂದ ಬೆತ್ತ ಎಡಗೈಯಲ್ಲಿರಲಿ. ನೇರವಾಗಿ ಇಳಿಯದೆ ಓರೆಯಾಗಿ, ಸಣ್ಣ ಹೆಜ್ಜೆ ಇಟ್ಟು ಇಳಿಯಿರಿ. ಅಟ್ಟೆ ಸವೆದ ಗಂಬೂಟು ಹಾಕಿಕೊಂಡು ಹಸಿ ತರಗೆಲೆಯ ಮೇಲೆ ಮಾತ್ರ ಇಳಿಯಬೇಡಿ.

ಉತ್ತರ 3 – ಹಳೆಯ ಹಾಕಿ ಆಟಗಾರ, ಪೊನ್ನಂಪೇಟೆ

1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬ ಈ ಹಬ್ಬವನ್ನು ಆರಂಭಿಸಿದ ಮೇಲೆ ಹಿರಿಯರು, ಹೆಣ್ಣುಮಕ್ಕಳು, ಹುಡುಗರು ಒಂದೇ ತಂಡದಲ್ಲಿ ಆಡುತ್ತ ಬಂದಿರುವುದು ನಮಗೆಲ್ಲ ಹೆಮ್ಮೆ. ಆದರೆ ಎದುರಿಗೆ ಇಪ್ಪತ್ತರ ಹುಡುಗರಿರುತ್ತಾರೆ, ಅವರ ಬೆನ್ನು ಹತ್ತಿ ತಟ್ಟನೆ ಓಡಿದಾಗ ನಮ್ಮ ವಯಸ್ಸಿನವರಲ್ಲಿ ಕೈಕೊಡುವುದು ಹೆಚ್ಚಾಗಿ ಮೀನಖಂಡ ಮತ್ತು ತೊಡೆಯ ಹಿಂಭಾಗ. ಹಾಗಾಗಿ ಈಗಿನಿಂದಲೇ ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸ ಮಾಡಿ, ಫೆಬ್ರವರಿಯ ಹೊತ್ತಿಗೆ ಸಮತಟ್ಟಾದ ಮೈದಾನದಲ್ಲಿ ಓಟ ಆರಂಭಿಸಿ, ವೇಗದ ಓಟ ಮತ್ತು ತಿರುವುಗಳನ್ನು ಕೊನೆಯ ವಾರಗಳಿಗೆ ಉಳಿಸಿಕೊಳ್ಳಿ. ಬಗ್ಗಿ ಆಡುವ ಆಟವಾದ್ದರಿಂದ ಸೊಂಟಕ್ಕೂ ಸಿದ್ಧತೆ ಬೇಕು. ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ ಮಂಡಿ ಮತ್ತು ಸೊಂಟದ ಕೀಲನ್ನು ಮಡಚಿ ತಗ್ಗುವುದನ್ನು ರೂಢಿಸಿಕೊಳ್ಳಿ. ಪಂದ್ಯದ ದಿನ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಅಂಗಳಕ್ಕೆ ಇಳಿಯಲೇಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕುರ್ಚಿಯ ಅಭ್ಯಾಸ ಮಾಡಿದೆ: ಎಂಟು ಬಾರಿಯಂತೆ ಎರಡು ಸುತ್ತು ಆಯಿತು, ಮೂರನೆಯದರಲ್ಲಿ ಐದಕ್ಕೆ ತೊಡೆ ನಡುಗಿತು. ಇಂದು ಬೆಳಿಗ್ಗೆ ಊತವಿಲ್ಲ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಶುರುವಾದರೆ ದಿನವಿಡೀ ಇಳಿಜಾರಿನಲ್ಲೇ ಓಡಾಟ. ಆಗಲೂ ಇದನ್ನು ಮಾಡಬೇಕೇ?

ಉತ್ತರ – ಫಿಸಿಯೋಥೆರಪಿಸ್ಟ್, ವಿರಾಜಪೇಟೆ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕೊಯ್ಲಿನ ಓಡಾಟದಲ್ಲಿ ಮೊದಲನೆಯದು ನಿಮಗೆ ತಾನಾಗಿ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಆದ್ದರಿಂದ ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ಓಡಾಟ ಕಡಿಮೆ ಇರುವ ದಿನಗಳನ್ನು ನೋಡಿ, ಎರಡೇ ಸುತ್ತು ಮಾಡಿ. ಸದ್ಯಕ್ಕೆ ಕುರ್ಚಿಯ ಮೇಲೆ ಒಂದು ದಪ್ಪ ದಿಂಬು ಹಾಕಿಕೊಳ್ಳಿ. ಮೂರನೆಯ ಸುತ್ತಿನಲ್ಲೂ ತೊಡೆ ನಡುಗದೆ ಎಂಟು ಮುಗಿದ ವಾರ ಅದನ್ನು ತೆಗೆಯಿರಿ.